ಅತ್ತೆ-ಮಾವನ ಜೊತೆ ಡೆವಿಲ್ಸ್ ಲೇಕ್‌ನಲ್ಲಿ ಎರಡು ರಾತ್ರಿ: ಟೆಂಟ್ ಆಗುತ್ತಾ?

ಪ್ರಶ್ನೆ: ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ನಾನು, ಗಂಡ, 9 ಮತ್ತು 5 ವರ್ಷದ ಇಬ್ಬರು ಮಕ್ಕಳು. ಈ ಬೇಸಿಗೆಗೆ ಚಿತ್ರದುರ್ಗದಿಂದ ಅತ್ತೆ-ಮಾವ ಬರುತ್ತಿದ್ದಾರೆ. ಅತ್ತೆಗೆ ಮಂಡಿನೋವು. ಮಾವ ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಜೂನ್ ಕೊನೆಗೆ ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟ್ ಹಾಕೋಣ ಅಂತ ಗಂಡನ ಆಸೆ. ನಮ್ಮಲ್ಲಿ ಯಾರೂ ಇದುವರೆಗೆ ಟೆಂಟ್‌ನಲ್ಲಿ ಮಲಗಿಲ್ಲ. ಇದು ಆಗುವ ಮಾತಾ? ಊಟ, ಶೌಚ, ಹುಳಹುಪ್ಪಟೆ ಹೇಗೆ? ವಯಸ್ಸಾದವರಿಗೆ ಅಲ್ಲಿ ಮಾಡೋದಕ್ಕೆ ಏನಾದರೂ ಇದೆಯಾ?

ಉತ್ತರ: ಆಗುವ ಮಾತೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಮ್ಮ ಮಾವನವರ ವಿಷಯ. ರಾತ್ರಿ ಮೂರು ಸಲ ಏಳುವವರಿಗೆ ಟೆಂಟಿನಿಂದ ಶೌಚಾಲಯ ಎಷ್ಟು ಹೆಜ್ಜೆ ಅನ್ನೋದರ ಮೇಲೆ ನಿಮ್ಮ ಇಡೀ ಪ್ರವಾಸ ನಿಂತಿದೆ. ನಾನು ಮ್ಯಾಡಿಸನ್‌ಗೆ ಬಂದು ಹದಿನೆಂಟು ವರ್ಷವಾಯಿತು. ಈ ಪಾರ್ಕು ಇಲ್ಲಿಂದ ಮುಕ್ಕಾಲು ಗಂಟೆ, ಒಂದು ಗಂಟೆಯ ದಾರಿ. ಮೊದಲ ಸಲ ಟೆಂಟ್ ಹಾಕುವ ನಮ್ಮವರ ಜೊತೆ ಎಷ್ಟೋ ಸಲ ಹೋಗಿದ್ದೇನೆ. ಕೆಟ್ಟುಹೋದ ಪ್ರವಾಸಗಳೆಲ್ಲ ಹೆಚ್ಚುಕಡಿಮೆ ರಾತ್ರಿ ಎರಡು ಗಂಟೆಗೇ ಕೆಟ್ಟಿವೆ. ಹಗಲು ಕೆಟ್ಟದ್ದು ಕಡಿಮೆ.

ಹಾಗಾಗಿ ಸೈಟ್, ಅಂದರೆ ಟೆಂಟ್ ಹಾಕಲು ಕೊಡುವ ಜಾಗ, ಆರಿಸುವಾಗ ಕೆರೆ ಕಾಣುತ್ತಾ ಅಂತ ನೋಡಲು ಹೋಗಬೇಡಿ. ಇಲ್ಲಿ ಕ್ವಾರ್ಟ್ಜೈಟ್, ನಾರ್ದರ್ನ್ ಲೈಟ್ಸ್, ಐಸ್ ಏಜ್ ಅಂತ ಮೂರು ಕ್ಯಾಂಪ್‌ಗ್ರೌಂಡ್‌ಗಳಿವೆ. ಮೂರೂ ಕೆರೆಯ ಉತ್ತರದ ಕಡೆ, ದಡ ಬಿಟ್ಟು ಒಳಗಿವೆ. ನಿಮಗೆ ಕ್ವಾರ್ಟ್ಜೈಟ್ ಒಳ್ಳೆಯದು. ಅನುಭವಿಗಳು ಇದನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಮರ ಕಡಿಮೆ, ಪಕ್ಕದ ಟೆಂಟ್‌ನವರ ಮಾತೆಲ್ಲ ಕೇಳುತ್ತದೆ ಅನ್ನುತ್ತಾರೆ. ಆದರೆ ನೆಲ ಸಮವಾಗಿದೆ, ಉತ್ತರ ದಡ ಹತ್ತಿರ, ಕರೆಂಟ್ ಇರುವ ಸೈಟುಗಳೂ ಸಿಗುತ್ತವೆ. ಮಂಡಿನೋವಿನವರಿಗೆ ಕಾಡಿನ ಏಕಾಂತಕ್ಕಿಂತ ಸಮನೆಲ ಮುಖ್ಯ. ನಕ್ಷೆಯಲ್ಲಿ ಫ್ಲಶ್ ಟಾಯ್ಲೆಟ್ ಮತ್ತು ಸ್ನಾನದ ಕೋಣೆ ಇರುವ ಕಟ್ಟಡ ಹುಡುಕಿ, ಅಲ್ಲಿಂದ ಮೂರನೆಯದೋ ನಾಲ್ಕನೆಯದೋ ಸೈಟ್ ಹಿಡಿಯಿರಿ. ಪಕ್ಕದ್ದೇ ಬೇಡ. ರಾತ್ರಿಯಿಡೀ ಲೈಟು, ಬಾಗಿಲು ಧಡ್ ಅನ್ನೋ ಸದ್ದು. ಅಲ್ಲಲ್ಲಿ ನೀರಿಲ್ಲದ ಗುಂಡಿ ಶೌಚಾಲಯಗಳೂ ಇವೆ. ಅವು ಹತ್ತಿರ ಇವೆ ಅಂತ ಮೋಸಹೋಗಬೇಡಿ, ನಮ್ಮ ಹಿರಿಯರು ಒಂದು ಸಲ ಒಳಗೆ ಹೋದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಯಾವ ಶೌಚಾಲಯಕ್ಕೆ ಹೋದರೂ ಒಂದು ಚೊಂಬು ಅಥವಾ ನೀರಿನ ಬಾಟಲಿ ಜೊತೆಗಿರಲಿ. ಇದನ್ನು ನಿಮಗೆ ಇಂಗ್ಲಿಷ್‌ನ ಯಾವ ಪಟ್ಟಿಯೂ ಹೇಳುವುದಿಲ್ಲ.

ಸೈಟನ್ನು 11 ತಿಂಗಳು ಮುಂಚೆಯೇ ಬುಕ್ ಮಾಡಬಹುದು. ವಿಸ್ಕಾನ್ಸಿನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಬರುವ ಸ್ಟೇಟ್ ಪಾರ್ಕು ಇದು, ವರ್ಷಕ್ಕೆ 20 ಲಕ್ಷ ದಾಟುತ್ತದೆ. ಜೂನ್‌ನ ಶುಕ್ರವಾರ, ಶನಿವಾರಗಳು ನಿಮಗೀಗ ಸಿಗುವುದು ಕಷ್ಟ. ಆದರೆ ಮಕ್ಕಳಿಗೆ ರಜೆ ಅಲ್ವಾ? ನಿಮ್ಮ ಗಂಡ ಎರಡು ದಿನ ರಜೆ ಹಾಕಲಿ, ಭಾನುವಾರ ಮಧ್ಯಾಹ್ನ ಹೋಗಿ ಮಂಗಳವಾರ ಬನ್ನಿ. ಎಲ್ಲರೂ ವಾಪಸ್ ಹೊರಡುವ ಹೊತ್ತಿಗೆ ನೀವು ಒಳಗೆ ಹೋಗುತ್ತೀರಿ. ಶನಿವಾರವಾದರೆ ಪಾರ್ಕಿಂಗ್ ಬೆಳಿಗ್ಗೆಯೇ ತುಂಬಿ, ಗೇಟಿನಲ್ಲೇ ಕಾಯಿಸುವುದೂ ಉಂಟು. ಒಂದು ಸೈಟಿನಲ್ಲಿ ಒಂದು ಕುಟುಂಬ ಅಥವಾ ಆರು ಜನ ಇರಬಹುದು, ನೀವು ಸರಿಯಾಗಿ ಆರು ಜನ. ಸೈಟ್ ಬಾಡಿಗೆಯ ಜೊತೆಗೆ ಕಾರಿಗೆ ಪಾರ್ಕಿನ ಪ್ರವೇಶದ ಸ್ಟಿಕ್ಕರ್ ಬೇರೆ ಕೊಳ್ಳಬೇಕು. ಇಲಿನಾಯ್ ನಂಬರ್ ಪ್ಲೇಟಿಗೆ ದರ ಜಾಸ್ತಿ.

ಇನ್ನು ಮಲಗುವ ವಿಷಯ. ಹೊರಡುವುದಕ್ಕೆ ಎರಡು ವಾರ ಮುಂಚೆ ನಿಮ್ಮ ಮನೆ ಹಿತ್ತಲಲ್ಲೇ ಟೆಂಟ್ ಹಾಕಿ, ಒಂದು ರಾತ್ರಿ ಎಲ್ಲರೂ ಅದರಲ್ಲೇ ಮಲಗಿ. ಹಿತ್ತಲಿಲ್ಲದಿದ್ದರೆ ಹಿತ್ತಲಿರುವ ಸ್ನೇಹಿತರ ಮನೆಗೆ ಹೋಗಿ. ಟೆಂಟ್ ಕಟ್ಟಲು ಎಷ್ಟು ಹೊತ್ತು ಬೇಕು, ಯಾವ ಗೂಟ ಕಮ್ಮಿ, ಯಾರು ಗೊರಕೆ ಹೊಡೀತಾರೆ, ಎಲ್ಲ ಅಲ್ಲೇ ಗೊತ್ತಾಗಲಿ. ಮುಖ್ಯವಾಗಿ ಮಾವನವರು ಬೆಳಿಗ್ಗೆ ಎದ್ದು ಏನು ಹೇಳುತ್ತಾರೆ ಕೇಳಿ. "ಪರವಾಗಿಲ್ಲಪ್ಪ" ಅಂದರೆ ನಂಬಬೇಡಿ, ಮಗನ ಹತ್ತಿರ ಅವರು ಹಾಗೇ ಅನ್ನೋದು. ಅತ್ತೆಯನ್ನು ಕೇಳಿ. ಆಗಲ್ಲ ಅನ್ನಿಸಿದರೆ ಪಾರ್ಕಿನಿಂದ ಮೂರು ಮೈಲಿಯಲ್ಲಿ ಬರಾಬೂ ಅನ್ನುವ ಊರಿದೆ, ಅಲ್ಲಿ ಅವರಿಬ್ಬರಿಗೆ ರೂಮು ಹಿಡಿಯಿರಿ. ಸಂಜೆ ಬೆಂಕಿ ಮುಂದೆ ಕೂತು ಊಟ ಮಾಡಿ ಹತ್ತು ಗಂಟೆಗೆ ರೂಮಿಗೆ ಹೋಗಲಿ, ಬೆಳಿಗ್ಗೆ ಕಾಫಿಗೆ ವಾಪಸ್ ಬರಲಿ. ಇದರಲ್ಲಿ ಸೋತ ಹಾಗೇನೂ ಇಲ್ಲ. ನನ್ನ ಅಪ್ಪ ಬಂದಾಗ ನಾವು ಹೀಗೇ ಮಾಡಿದ್ದು.

ಟೆಂಟ್‌ನಲ್ಲೇ ಮಲಗುತ್ತೇವೆ ಅಂದರೆ ಅವರಿಗೆ ಬೇರೆ ಟೆಂಟ್ ಬೇಕು, ಒಳಗೆ ನಿಲ್ಲುವಷ್ಟು ಎತ್ತರದ್ದು. ಗಾಳಿ ತುಂಬುವ ಹಾಸಿಗೆ ಬೇಡ. ಮಂಡಿನೋವಿನವರಿಗೆ ಮಲಗುವುದು ಕಷ್ಟವಲ್ಲ, ನೆಲದಿಂದ ಏಳುವುದು ಕಷ್ಟ. ಮಡಚುವ ಕ್ಯಾಂಪಿಂಗ್ ಮಂಚ ಸಿಗುತ್ತದೆ, ಕುರ್ಚಿಯಷ್ಟು ಎತ್ತರದ್ದನ್ನೇ ತಗೊಳ್ಳಿ. ಜೂನ್ ಕೊನೆಯಲ್ಲೂ ಇಲ್ಲಿ ಬೆಳಗಿನ ಜಾವಕ್ಕೆ 12-15 ಡಿಗ್ರಿಗೆ ಇಳಿಯಬಹುದು. ಚಳಿ ಮೇಲಿಂದ ಬರುತ್ತದೆ ಅಂತ ನಾವು ಎರಡೆರಡು ರಗ್ಗು ಹೊದೆಯುತ್ತೇವೆ. ಟೆಂಟ್‌ನಲ್ಲಿ ಅದು ಹತ್ತುವುದು ಕೆಳಗಿಂದ. ಮಂಚದ ಮೇಲೂ ಮೊದಲು ಒಂದು ದಪ್ಪ ಫೋಮ್ ಹಾಸಿ, ಆಮೇಲೆ ಹೊದಿಕೆಯ ಮಾತು. ಮಾವನವರ ಮಂಕಿ ಕ್ಯಾಪನ್ನು ಸೂಟ್‌ಕೇಸಿನಿಂದ ತೆಗೆದಿಡಬೇಡಿ. ಟೆಂಟಿನ ಅಡಿಗೆ ಹಾಸುವ ಟಾರ್ಪಾಲು ಟೆಂಟಿನ ಅಂಚಿನಿಂದ ಆಚೆ ಬರಬಾರದು, ಅಂಚನ್ನು ಒಳಕ್ಕೆ ಮಡಚಿ. ಇಲ್ಲದಿದ್ದರೆ ಮಳೆ ನೀರೆಲ್ಲ ಅದರ ಮೇಲೆ ಬಿದ್ದು ನೇರವಾಗಿ ನಿಮ್ಮ ಬೆನ್ನಿನ ಕೆಳಗೆ ಬರುತ್ತದೆ.

ಊಟ. ಇಲ್ಲಿ ನಮ್ಮವರು ಮಾಡುವ ತಪ್ಪು ಒಂದೇ, ಮನೆಯ ಅಡುಗೆಮನೆಯನ್ನೇ ಕಾರಿಗೆ ತುಂಬುವುದು. ಇಡ್ಲಿ ಹಿಟ್ಟು, ಕುಕ್ಕರು, ಮಿಕ್ಸಿ ತಂದವರನ್ನೂ ನೋಡಿದ್ದೇನೆ, ಕರೆಂಟ್ ಸೈಟ್ ಸಿಕ್ಕಿದೆಯಲ್ಲ ಅಂತ. ಮೊದಲ ದಿನದ ಊಟವೆಲ್ಲ ಮನೆಯಿಂದಲೇ ಬರಲಿ: ಚಪಾತಿ, ಪಲ್ಯ, ಪುಳಿಯೋಗರೆ. ಮೊಸರು ಬೇರೆ ಡಬ್ಬಿಯಲ್ಲಿ ಐಸ್ ತುಂಬಿದ ಕೂಲರ್ ಪೆಟ್ಟಿಗೆಯಲ್ಲಿರಲಿ, ಅನ್ನಕ್ಕೆ ಅಲ್ಲೇ ಕಲಸಿ. ಎರಡನೆಯ ದಿನಕ್ಕೆ ರವೆಯನ್ನು ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದು ಜಿಪ್ ಚೀಲದಲ್ಲಿ ತುಂಬಿಟ್ಟರೆ, ಅಲ್ಲಿ ನೀರು ಕುದಿಸಿ ಸುರಿದರೆ ಉಪ್ಪಿಟ್ಟು. ಗೊಜ್ಜವಲಕ್ಕಿಗೆ ಅದೂ ಬೇಡ. ಡಿಕಾಕ್ಷನ್ ಮನೆಯಲ್ಲೇ ಇಳಿಸಿ ಬಾಟಲಿಯಲ್ಲಿ ತುಂಬಿ ಕೂಲರಿಗೆ ಹಾಕಿ, ಎರಡು ದಿನ ಬರುತ್ತದೆ. ಬೆಳಿಗ್ಗೆ ಆರಕ್ಕೆ ಸಣ್ಣ ಗ್ಯಾಸ್ ಒಲೆಯ ಮೇಲೆ ಹಾಲು ಕಾಯಿಸಿ ಕಾಫಿ ಕೊಟ್ಟರೆ ನಿಮ್ಮ ಅತ್ತೆ ಮಂಚದ ಮೇಲಿನ ನಿದ್ದೆಗೆಟ್ಟ ರಾತ್ರಿಯನ್ನು ಮರೆಯುತ್ತಾರೆ. ಪ್ರತಿ ಸೈಟಿನಲ್ಲೂ ಬೆಂಕಿ ಹಾಕಲು ಕಬ್ಬಿಣದ ಬಳೆಯಿರುವ ಗುಂಡಿ ಇರುತ್ತದೆ. ಅದರ ಮೇಲೆ ಜೋಳದ ತೆನೆ ಸುಡಿ, ಬದನೆಕಾಯಿ ಸುಟ್ಟು ಬಜ್ಜಿ ಮಾಡಿ. ಅನ್ನ ಸಾರು ಬೇಡ. ಪಾತ್ರೆ ತೊಳೆಯುವುದು ನಿಜವಾದ ತಾಪತ್ರಯ. ಕುಡಿಯುವ ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯಬಾರದು, ಅನ್ನದ ಅಗುಳು ಬಿದ್ದರೆ ಅಲ್ಲಿ ಹುಳ, ಪ್ರಾಣಿ ಸೇರುತ್ತವೆ.

ಪ್ರಾಣಿ ಅಂದರೆ ಇಲ್ಲಿ ರಕೂನ್. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಮನುಷ್ಯರ ಹಾಗೆ ಬೆರಳು. ಕೂಲರಿನ ಮುಚ್ಚಳ, ಚೀಲದ ಜಿಪ್ಪು ಎಲ್ಲ ತೆಗೆಯಲು ಬರುತ್ತದೆ. ಒಂದು ಸಲ ನಮ್ಮ ಕೋಡುಬಳೆ ಡಬ್ಬಿಯನ್ನು ರಾತ್ರಿ ಟೇಬಲ್ ಮೇಲೆ ಮರೆತಿದ್ದೆವು. ಬೆಳಿಗ್ಗೆ ಡಬ್ಬಿ ಹತ್ತು ಮಾರು ದೂರದಲ್ಲಿ, ಮುಚ್ಚಳ ಬೇರೆ ಕಡೆ. ಒಂದೂ ಬಿಟ್ಟಿರಲಿಲ್ಲ, ಖಾರ ಅಂತ ಮುಖ ಸಿಂಡರಿಸಿದ ಗುರುತೂ ಇರಲಿಲ್ಲ. ಮಲಗುವ ಮುಂಚೆ ತಿಂಡಿ, ಕೂಲರ್, ಕಸ, ಮಕ್ಕಳ ಜೇಬಿನ ಚಾಕೊಲೇಟು, ಟೂತ್‌ಪೇಸ್ಟ್ ಕೂಡ ಕಾರಿನೊಳಗೆ ಹೋಗಬೇಕು. ಟೆಂಟ್ ಒಳಗೆ ಏನೂ ಬೇಡ.

ಕಟ್ಟಿಗೆಯನ್ನು ಮನೆಯಿಂದ ತರಬೇಡಿ. ಕ್ಯಾಂಪಿನ 10 ಮೈಲಿ ಒಳಗಿನ ಕಟ್ಟಿಗೆ, ಇಲ್ಲವೇ ಸರ್ಕಾರದ ಮುದ್ರೆಯಿರುವ ಕಟ್ಟು ಮಾತ್ರ ಒಳಗೆ ಬಿಡುತ್ತಾರೆ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ದುಂಬಿ ಹೀಗೆ ಕಟ್ಟಿಗೆಯ ಜೊತೆಯಲ್ಲೇ ಊರಿಂದೂರಿಗೆ ಹೋಗಿ ಈ ಭಾಗದ ಆಶ್ ಮರಗಳನ್ನು ಒಣಗಿಸಿದೆ. ಕಾಡಿನಲ್ಲಿ ಬಿದ್ದ ಪುಳ್ಳೆ ಆರಿಸುವ ಬದಲು ಅಲ್ಲೇ ಒಂದು ಕಟ್ಟು ಕೊಂಡುಬಿಡಿ.

ಈಗ ನಾನು ಸ್ವಲ್ಪ ಹೆಚ್ಚು ಹೊತ್ತು ಹೇಳಬೇಕಾದ್ದು ಉಣ್ಣಿಯ ವಿಷಯ. ಉಣ್ಣಿ ಅಂದರೆ ನಮಗೆ ದನದ ಮೈಮೇಲಿನ ದಪ್ಪ ಹುಳ ನೆನಪಾಗುತ್ತದೆ. ಇಲ್ಲಿ ಹೆದರಬೇಕಾದ್ದು ಕಪ್ಪು ಕಾಲಿನ ಉಣ್ಣಿಯ ಮರಿಗೆ. ಗಸಗಸೆ ಕಾಳಿನಷ್ಟು ಇರುತ್ತದೆ. ಮೇ ತಿಂಗಳಿಂದ ಜುಲೈವರೆಗೆ ಅದರ ಕಾಲ, ಅಂದರೆ ನೀವು ಹೋಗುವ ಕಾಲವೇ. ಕಚ್ಚಿದರೆ ನೋವಿಲ್ಲ, ಗೊತ್ತೇ ಆಗುವುದಿಲ್ಲ. ಅದರಿಂದ ಲೈಮ್ ಕಾಯಿಲೆ ಬರಬಹುದು. ಸಮಾಧಾನದ ವಿಷಯ ಏನೆಂದರೆ, ಕಚ್ಚಿಕೊಂಡು ಒಂದು ದಿನ ಕಳೆಯುವ ಮೊದಲೇ ತೆಗೆದರೆ ಕಾಯಿಲೆ ಬರುವ ಸಾಧ್ಯತೆ ತುಂಬಾ ಕಡಿಮೆ. ಹಾಗಾಗಿ ದಿನಾ ಸಂಜೆ ಸ್ನಾನದ ಹೊತ್ತಿಗೆ ಮೈ ನೋಡಿಕೊಳ್ಳಿ: ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲ ಬುಡ. ಮಕ್ಕಳ ತಲೆಯನ್ನು ಅಜ್ಜಿಗೆ ಒಪ್ಪಿಸಿ, ಹೇನು ನೋಡಿ ಪಳಗಿದ ಕೈ. ಸಿಕ್ಕರೆ ಮೊನೆಯಿರುವ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಳ್ಳಿ, ಅದನ್ನು ಮೈಗೆ ಹಚ್ಚಬಾರದು. ಮೈಗೆ ಡೀಟ್ (DEET) ಅನ್ನುವ, ಹುಳ ದೂರವಿಡುವ ಔಷಧಿ ಇರುವ ಸ್ಪ್ರೇ ಸಾಕು, ಸೊಳ್ಳೆಗೂ ಅದೇ. ಅತ್ತೆ ಸೀರೆಯಲ್ಲೇ ನಡೆಯುತ್ತಾರೆ ಅಂದರೆ ಹುಲ್ಲಿಗೆ ಸೆರಗು, ಲಂಗ ತಾಗದ ಹಾಗೆ ದಾರಿಯ ನಡುವೆಯೇ ನಡೆಯಲಿ.

ಒಂದು ವಿಷಯವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಕಚ್ಚಿದ 3ರಿಂದ 30 ದಿನದೊಳಗೆ ಚರ್ಮದ ಮೇಲೆ ಕೆಂಪು ಹರಡಬಹುದು, ಜ್ವರ, ಕೀಲುನೋವು ಬರಬಹುದು. ಅಷ್ಟರಲ್ಲಿ ಅತ್ತೆ-ಮಾವ ದುರ್ಗಕ್ಕೆ ವಾಪಸ್ ಹೋಗಿದ್ದರೆ? ಅಲ್ಲಿನ ಡಾಕ್ಟರು ಡೆಂಗಿ, ಚಿಕೂನ್‌ಗುನ್ಯಾ ಅಂತ ನೋಡುತ್ತಾರೆಯೇ ಹೊರತು ಲೈಮ್ ಅವರಿಗೆ ಹೊಳೆಯುವುದು ಕಷ್ಟ. ಉಣ್ಣಿ ಸಿಕ್ಕ ದಿನ, ಜಾಗ ಬರೆದು, ಹುಳದ ಫೋಟೋ ತೆಗೆದು ಅವರ ಫೋನಿಗೆ ಹಾಕಿಡಿ. ಅವರ ವಿಸಿಟರ್ ಇನ್ಶೂರೆನ್ಸ್ ಕಾರ್ಡಿನ ಫೋಟೋ ನಿಮ್ಮ ಫೋನಿನಲ್ಲಿರಲಿ. ಬಂಡೆಗಳ ನಡುವೆ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಬೇಕಾದ್ದನ್ನು ಮುಂಚೆಯೇ ಇಳಿಸಿಕೊಳ್ಳಿ. ಮೂರು ಮೂರು ಎಲೆ ಒಟ್ಟಿಗಿರುವ ಗಿಡವನ್ನು ಮಕ್ಕಳು ಮುಟ್ಟದಿರಲಿ, ಪಾಯ್ಸನ್ ಐವಿ ಇರಬಹುದು. ಬಂಡೆಗಳ ಕಡೆ ಬುಡುಬುಡಿಕೆ ಹಾವೂ (ರ್ಯಾಟಲ್‌ಸ್ನೇಕ್) ಇದೆ ಅನ್ನುತ್ತಾರೆ, ನಿಜ. ಹದಿನೆಂಟು ವರ್ಷದಲ್ಲಿ ನನಗೆ ಒಂದೂ ಕಂಡಿಲ್ಲ.

ಹಿರಿಯರಿಗೆ ಮಾಡೋದಕ್ಕೆ ಏನಿದೆ ಅಂತ ಕೇಳಿದ್ದೀರಿ. ದುರ್ಗದವರಿಗೆ ಈ ಜಾಗವನ್ನು ತೋರಿಸುವುದು ಸುಲಭ, ಬಂಡೆ ಅವರಿಗೆ ಹೊಸದಲ್ಲ. ಮಾವನವರನ್ನು ಉತ್ತರ ದಡದ ಬೆಂಚಿನ ಮೇಲೆ ಕೂರಿಸಿ, ಇದನ್ನು ಹೇಳಿ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಗುಡ್ಡ, ನೀರಿನಿಂದ ಸುಮಾರು 500 ಅಡಿ ಎತ್ತರ. ನಡುವೆ ಒಂದು ಕಾಲದಲ್ಲಿ ನದಿ ಹರಿಯುತ್ತಿತ್ತು. ಹಿಮಯುಗದಲ್ಲಿ ಮಂಜಿನ ದೊಡ್ಡ ಹಾಳೆ ಇಲ್ಲಿಯವರೆಗೆ ಬಂದು ನಿಂತು, ತಾನು ತಳ್ಳಿಕೊಂಡು ಬಂದ ಮಣ್ಣು ಕಲ್ಲನ್ನು ಕಣಿವೆಯ ಎರಡೂ ಬಾಯಿಗೆ ಸುರಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಕಡೆ ಏರಿ ಹಾಕಿತು. ನಡುವೆ ನಿಂತದ್ದೇ ಈ 360 ಎಕರೆ ಕೆರೆ. ಒಂದೇ ಕೊರತೆ, ಇದಕ್ಕೆ ಕೋಡಿ ಇಲ್ಲ. ಕಣ್ಣಿಗೆ ಕಾಣುವ ಹಾಗೆ ನೀರು ಹೊರಗೆ ಹರಿಯುವ ದಾರಿಯೇ ಇಲ್ಲ. ಇದನ್ನು ಹೇಳಿದಾಗ ನನ್ನ ಅಪ್ಪ ಅರ್ಧ ಗಂಟೆ ಸುಮ್ನೆ ನೀರನ್ನೇ ನೋಡುತ್ತಾ ಕೂತಿದ್ದರು, ಆಮೇಲೆ "ಹಾಗಾದರೆ ಮಳೆ ಜಾಸ್ತಿ ಆದರೆ?" ಅಂತ ಕೇಳಿದರು. ಬಂಡೆ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಕ್ವಾರ್ಟ್ಜೈಟ್, ವಯಸ್ಸು 160 ಕೋಟಿ ವರ್ಷಕ್ಕೂ ಹೆಚ್ಚು. ಕೆಲವು ಬಂಡೆಗಳ ಮೇಲೆ ಹಳೆಯ ಸಮುದ್ರದ ಮರಳಿನ ಅಲೆ ಗುರುತು ಈಗಲೂ ಬೆರಳಿಗೆ ಸಿಗುತ್ತದೆ.

ಹೆಸರಿನ ವಿಷಯಕ್ಕೆ ಅತ್ತೆ ಮುಖ ಗಂಟಿಕ್ಕಿದರೆ, ದೆವ್ವದ ಕೆರೆ ಅನ್ನೋದು ಬಿಳಿಯರು ಇಟ್ಟ ಹೆಸರು ಅಂತ ಹೇಳಿ. ಇಲ್ಲಿಯ ಮೂಲ ಜನ ಹೋ-ಚಂಕರ ಮಾತಿನಲ್ಲಿ ಇದು ಪವಿತ್ರ ಸರೋವರ. ಹಳೆಯ ಕಾಲದವರು ಮಣ್ಣು ಪೇರಿಸಿ ಮಾಡಿದ ಪ್ರಾಣಿ, ಹಕ್ಕಿ ಆಕಾರದ ದಿಬ್ಬಗಳು ದಡದಲ್ಲಿ ಈಗಲೂ ಇವೆ. ಮಕ್ಕಳು ಅವುಗಳ ಮೇಲೆ ಹತ್ತಿ ಓಡದಂತೆ ನೋಡಿಕೊಳ್ಳಿ. ಪಾರ್ಕು ಆಗಿದ್ದು 1911ರಲ್ಲಿ. ಅದಕ್ಕೂ ಮುಂಚೆ 1873ರಲ್ಲೇ ಪೂರ್ವ ದಡದ ಉದ್ದಕ್ಕೂ ರೈಲು ಹಳಿ ಬಂದಿತ್ತು. ಈಗಲೂ ಗೂಡ್ಸ್ ರೈಲು ಓಡುತ್ತದೆ. ರಾತ್ರಿ ಕೂಗಿದರೆ ಗಾಬರಿ ಬೇಡ.

ನಡೆಯುವುದಕ್ಕೆ ಅತ್ತೆಗೆ ಗ್ರಾಟೋಸ್ ಟ್ರೇಲ್ ಸರಿ. ಪೂರ್ವ ಗುಡ್ಡದ ಬುಡದಲ್ಲಿ ಕಾಡಿನ ನೆರಳಿನ ಸಮ ದಾರಿ, ಮುಕ್ಕಾಲು ಮೈಲಿಯೂ ಇಲ್ಲ. ಪಶ್ಚಿಮ ದಡದ ಟಂಬಲ್ಡ್ ರಾಕ್ಸ್ ದಾರಿಯೂ ನೀರಿನ ಪಕ್ಕದಲ್ಲೇ ಹೋಗುತ್ತದೆ, ನೋಡಲು ಅದೇ ಚೆನ್ನ. ಆದರೆ ಬಂಡೆಗಳ ನಡುವೆ ಏರುಪೇರಿದೆ. ಬೆಳಿಗ್ಗೆ ಏಳಕ್ಕೆ, ಜನ ಬರುವ ಮುಂಚೆ, ಸ್ವಲ್ಪ ದೂರ ಹೋಗಿ ವಾಪಸ್ ಬನ್ನಿ. ನಿಮ್ಮ ಗಂಡ ಮತ್ತು ದೊಡ್ಡ ಮಗು ಬ್ಯಾಲೆನ್ಸ್ಡ್ ರಾಕ್ ದಾರಿಯಲ್ಲಿ ಮೇಲೆ ಹೋಗಲಿ. ಅರ್ಧ ಮೈಲಿಗಿಂತ ಕಡಿಮೆ, ಆದರೆ ಕಲ್ಲಿನ ಮೆಟ್ಟಿಲು ಕಡಿದು. ಈ ಕಲ್ಲು ಒದ್ದೆಯಾದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ, ಮೇಲೆ ಕಂಬಿಯೂ ಇಲ್ಲ. ಐದು ವರ್ಷದವನನ್ನೋ ಅವಳನ್ನೋ ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಎತ್ತಿಕೊಂಡಂತೂ ಬೇಡವೇ ಬೇಡ.

ಉತ್ತರದಲ್ಲೂ ದಕ್ಷಿಣದಲ್ಲೂ ಮರಳಿನ ದಡ ಇದೆ. ಲೈಫ್‌ಗಾರ್ಡ್ ಇಲ್ಲ, ದೊಡ್ಡವರೊಬ್ಬರು ನೀರಿನಲ್ಲೇ ನಿಂತಿರಬೇಕು. ಈ ಕೆರೆಯಲ್ಲಿ ಬೇಸಿಗೆಯಲ್ಲಿ ಈಜಿದವರಿಗೆ ಕೆಲವು ಸಲ ಮೈ ತುರಿಕೆ ಬರುತ್ತದೆ. ಬಸವನಹುಳುವಿನಿಂದ ಹೊರಬೀಳುವ, ಹಕ್ಕಿಗೆ ಅಂಟಬೇಕಾದ ಸಣ್ಣ ಪರಾವಲಂಬಿ ತಪ್ಪಿ ನಮ್ಮ ಚರ್ಮಕ್ಕೆ ಅಂಟುವುದರಿಂದ ಹೀಗಾಗುತ್ತದೆ. ಅದು ನಮ್ಮಲ್ಲಿ ಬದುಕುವುದಿಲ್ಲ, ಕೆಲವು ದಿನದಲ್ಲಿ ತಾನೇ ಹೋಗುತ್ತದೆ. ನೀರಿನಿಂದ ಬಂದ ಕೂಡಲೇ ಟವೆಲಿನಿಂದ ಗಟ್ಟಿಯಾಗಿ ಒರೆಸಿ, ಸ್ನಾನ ಮಾಡಿಸಿ. ಬಿಸಿಲಿಗೆ ತಾನೇ ಒಣಗಲಿ ಅಂತ ಬಿಟ್ಟರೆ ತುರಿಕೆ ಗ್ಯಾರಂಟಿ. ಬಾಡಿಗೆಗೆ ದೋಣಿ ಸಿಗುತ್ತದೆ. ಪೆಟ್ರೋಲ್ ಮೋಟಾರಿನ ದೋಣಿ ಇಲ್ಲಿ ಬಿಡುವುದಿಲ್ಲ, ಅದಕ್ಕೇ ನೀರು ಇಷ್ಟು ನಿಶ್ಶಬ್ದ.

ಮಳೆ ಬಂದರೆ ಬರಾಬೂಗೆ ಹೋಗಿ. ರಿಂಗ್ಲಿಂಗ್ ಸಹೋದರರ ಸರ್ಕಸ್ ಶುರುವಾಗಿದ್ದು 1884ರಲ್ಲಿ ಇದೇ ಊರಿನಲ್ಲಿ. ಅವರ ಚಳಿಗಾಲದ ಬಿಡಾರ ಈಗ ಸರ್ಕಸ್ ವರ್ಲ್ಡ್ ಅನ್ನುವ ಮ್ಯೂಸಿಯಂ. ಮಾವನ ವಯಸ್ಸಿನವರಿಗೆ ಊರಿಗೆ ಸರ್ಕಸ್ ಬರುತ್ತಿದ್ದ ದಿನಗಳು ನೆನಪಿರುತ್ತವೆ, ಚೆನ್ನಾಗಿ ಹೊತ್ತು ಹೋಗುತ್ತದೆ. ಮಳೆ ಇಲ್ಲದಿದ್ದರೂ ಹತ್ತಿರದ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್ ತಪ್ಪಿಸಬೇಡಿ. ಪ್ರಪಂಚದ 15 ಬಗೆಯ ಕ್ರೇನ್ ಹಕ್ಕಿಗಳನ್ನೂ ಅಲ್ಲಿ ಸಾಕಿದ್ದಾರೆ, ನಮ್ಮ ದೇಶದ ಸಾರಸವೂ ಅದರಲ್ಲಿದೆ. ಗುಡುಗು ಕೇಳಿಸಿದರೆ ಮಾತ್ರ ಟೆಂಟ್‌ನಲ್ಲಿ ಕೂರಬೇಡಿ, ಎಲ್ಲರೂ ಕಾರಿನೊಳಗೆ. ಇಲ್ಲಿನ ಗುಡುಗು ಮಳೆ ನಮ್ಮ ಮುಂಗಾರಿನ ಹಾಗಲ್ಲ, ಹತ್ತು ನಿಮಿಷದಲ್ಲಿ ಆಕಾಶ ಮಗುಚಿ ಬೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನೋಡುವ ಜಾಗಗಳ ಪಟ್ಟಿ ಮಾಡಿಕೊಂಡು ಹೋಗಬೇಡಿ. ದಿನಕ್ಕೆ ಒಂದು ಸಾಕು. ಸೈಟಿನ ದುಡ್ಡು ಕೊಡೋದು ಸಂಜೆಗೆ ಮತ್ತು ಬೆಳಗಿಗೆ. ಜೂನ್ ಕೊನೆಗೆ ಸೂರ್ಯ ಮುಳುಗುವುದು ಎಂಟೂಮುಕ್ಕಾಲಿಗೆ, ಕತ್ತಲಾಗುವುದು ಒಂಬತ್ತೂವರೆಗೆ. ಆಗ ಹುಲ್ಲಿನ ಮೇಲೆ ಮಿಂಚುಹುಳ ಏಳುತ್ತವೆ. ಮಕ್ಕಳನ್ನು ಎಂಟಕ್ಕೇ ಮಲಗಿಸುವ ಮನೆಯ ಶಿಸ್ತು ಎರಡು ದಿನ ಬಿಡಿ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು. ನಮ್ಮವರು ಬೆಂಕಿ ಸುತ್ತ ಕೂತರೆ ಅಂತ್ಯಾಕ್ಷರಿ ಮುಗಿಯೋದೇ ಇಲ್ಲ, ಹಾಗಾಗಿ ಗಡಿಯಾರ ನೋಡಿಕೊಳ್ಳಿ. ಮಾವನವರಿಗೆ ತಲೆಗೆ ಕಟ್ಟುವ ಟಾರ್ಚ್ ಕೊಡಿಸಿ, ಎರಡೂ ಕೈ ಖಾಲಿ ಇರುತ್ತದೆ. ಟೆಂಟಿನ ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಎಡವುವುದು ಅದಕ್ಕೇ. ಮಗ ಜೊತೆಗೆ ಎದ್ದು ಹೋಗಲಿ.

ಮಂಗಳವಾರ ಮನೆಗೆ ಬಂದ ಮೇಲೆ ಟೆಂಟನ್ನು ಹಾಗೇ ಸುತ್ತಿ ಇಡಬೇಡಿ. ಇಬ್ಬನಿ ತಾಗಿ ಒದ್ದೆಯಾಗಿರುತ್ತದೆ. ಗರಾಜಿನಲ್ಲಿ ಒಂದು ದಿನ ಹರವಿ ಒಣಗಿಸಿ. ನಮ್ಮ ಮೊದಲ ಟೆಂಟನ್ನು ಮುಂದಿನ ವರ್ಷ ಬಿಚ್ಚಿದಾಗ ಬೂಷ್ಟು ಹಿಡಿದು, ಮಳೆಗಾಲದ ಅಟ್ಟದ ವಾಸನೆ ಬರುತ್ತಿತ್ತು.